ಮೂರೂ ಕಡೆ ಕೆಂಪು ಬಾವುಟ

ಮೂರು ಕಡೆ ಕೇಳಿ ಮೂರೂ ಕಡೆ ಒಂದೇ ಉತ್ತರ ಬಂದರೆ ಅದು ನಿಜ ಎಂದು ಆಗ ಎಲ್ಲರೂ ನಂಬಿದ್ದರು. ಹೆಣ್ಣು ನೋಡುವವರು ಹಾಗೇ ವಿಚಾರಿಸುತ್ತಿದ್ದರು, ಎಮ್ಮೆ ಕೊಳ್ಳುವವರೂ ಹಾಗೇ. ಊರಿಗೆ ಕಂಪ್ಯೂಟರ್ ಬಂದ ಮೇಲೂ ಆ ನಂಬಿಕೆಯನ್ನು ಯಾರೂ ಮತ್ತೆ ತೆಗೆದು ನೋಡಲಿಲ್ಲ.

ಬಾಗಲಕೋಟೆ ಕಡೆ ಒಂದು ನೇಕಾರರ ಊರು. ಅಲ್ಲಿ ದಾನವ್ವ ಅಂತ ಒಬ್ಬಳು ಖಣದ ವ್ಯಾಪಾರ ಮಾಡುತ್ತಿದ್ದಳು. ಕುಪ್ಪಸದ ಖಣ. ಗಂಡ ಬಿಟ್ಟುಹೋದ ಮಗ್ಗಗಳನ್ನು ಅವನಿಗಿಂತ ಚೆನ್ನಾಗಿ ನಡೆಸಿದ್ದಳು. ಸೊಲ್ಲಾಪುರ, ಹುಬ್ಬಳ್ಳಿ, ಪುಣೆ ಎಲ್ಲ ಕಡೆ ಗಿರಾಕಿ. ಯಾವುದಕ್ಕೂ ಕಡಿಮೆಯಿಲ್ಲ. ಇದ್ದ ಕೊರತೆ ಒಂದೇ, ಅದು ಮಗ. ಹೆಸರು ಮುರಿಗೆಪ್ಪ.

ಮುರಿಗೆಪ್ಪ ದಡ್ಡನಲ್ಲ ಅನ್ನುವವರೂ ಇದ್ದರು. ಕಂಪ್ಯೂಟರ್ ತರಗತಿ ಮುಗಿಸಿದ್ದ, ಸರ್ಟಿಫಿಕೇಟು ಗೋಡೆಯ ಮೇಲಿತ್ತು. ಇಂಗ್ಲಿಷಿನಲ್ಲಿ ವ್ಯಾಪಾರದ ಪತ್ರ ಬರೆಯುತ್ತಿದ್ದ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಎದುರು ಮಾತು ಇಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ತೊಂದರೆ ಏನೆಂದರೆ, ಹೇಳಿದ್ದನ್ನೇ ಮಾಡುತ್ತಿದ್ದ. "ಹಾಲು ಉಕ್ಕಿದ್ರ ಹೇಳಪಾ" ಅಂದರೆ, ಹಾಲು ಉಕ್ಕಿ, ಒಲೆ ಆರಿ, ಹೊಗೆ ಸೂರಿಗೆ ಮುಟ್ಟಿದ ಮೇಲೆ ಬಂದು ಹೇಳುತ್ತಿದ್ದ:

"ಯವ್ವಾ, ಉಕ್ಕಿತು."

"ಈಗ ಹೇಳ್ತೀಯೇನಲೇ!"

"ಉಕ್ಕಿದ್ರ ಹೇಳು ಅಂದಿದ್ದಿ."

ದಾನವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅದು ದಿನದ ಕೆಲಸ.

ಊರಿನ ಕಂಪ್ಯೂಟರ್ ತರಗತಿ ಮುಚ್ಚಿದಾಗ ಅಲ್ಲಿದ್ದ ಮಷೀನುಗಳನ್ನು ಒಟ್ಟಿಗೆ ಮಾರಿದರು. ದಾನವ್ವ ಮೂರು ಕೊಂಡಳು. ಒಂದು ಮನೆಗೆ, ಒಂದು ಪೇಟೆಯ ಅಂಗಡಿಗೆ, ಒಂದು ಬಸ್‌ಸ್ಟ್ಯಾಂಡಿನ ಹಿಂದಿನ ಮಗ್ಗದ ಶೆಡ್ಡಿಗೆ. "ನಾ ಎಲ್ಲಿ ಕುಂತರೂ ಗಿರಾಕಿ ಕಾಗದ ಕಣ್ಣಿಗೆ ಬೀಳಬೇಕು" ಅಂದಳು. ಬೀಳುತ್ತಿತ್ತು. ಮೂರಕ್ಕೂ ಒಂದೇ ಇ-ಮೇಲ್ ವಿಳಾಸ. ಪತ್ರ ಬಂದರೆ ಮೂರೂ ತಮ್ಮ ತಮ್ಮ ಪ್ರತಿ ಇಳಿಸಿಕೊಳ್ಳುತ್ತಿದ್ದವು. ಓದದ ಪತ್ರ ದಪ್ಪ ಅಕ್ಷರದಲ್ಲಿ ಇರುತ್ತಿತ್ತು, ಓದಿದರೆ ತೆಳುವಾಗುತ್ತಿತ್ತು. ಆದರೆ ಅಂಗಡಿಯಲ್ಲಿ ಓದಿದ್ದು ಅಂಗಡಿಯ ಮಷೀನಿಗೆ ಮಾತ್ರ ಗೊತ್ತು. ಮನೆಯಲ್ಲಿ ಅದು ದಪ್ಪಗೇ ಕೂತಿರುತ್ತಿತ್ತು.

ದಾನವ್ವನ ತಂಗಿಯ ಅಳಿಯ ಉಮಾಪತಿ ಬಾಗಲಕೋಟೆಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ. ಅವನು ಬಂದು ನೋಡಿ, "ದೊಡ್ಡತ್ತೀ, ನಡುವ ಒಂದು ಸರ್ವರ್ ಬೇಕ್ರಿ. ಒಂದು ಕಡೆ ಓದಿದ್ದು ಮೂರಕ್ಕೂ ತಾನ ಗೊತ್ತಾಗತೈತಿ" ಅಂದ.

"ಅದು ಎಲ್ಲಿರತೈತಿ?"

"ಬ್ಯಾರೆ ಊರಾಗ. ಕಂಪನಿಯವರ ಹತ್ರ. ನಿಮ್ಮ ಪತ್ರ ಎಲ್ಲಾ ಅಲ್ಲೇ ಇರತಾವು."

"ನನ್ನ ಗಿರಾಕಿ ಹೆಸರು ಬ್ಯಾರೇರ ಮನ್ಯಾಗ? ಅದಕ್ಕಿಂತ ನಾನ ಹೋಗಿ ರಾಚಪ್ಪನ ಕಟ್ಟಿ ಮ್ಯಾಲ ಕುಂತು ಓದಿ ಹೇಳ್ತೀನಿ ತಗೋ!"

ರಾಚಪ್ಪ ಆಚೆ ಓಣಿಯ ಖಣದ ವ್ಯಾಪಾರಿ. ಆ ಊರಿನ ನೇಕಾರರು ಗಿರಾಕಿಯ ಹೆಸರನ್ನು ಬೀಗರಿಗೂ ಹೇಳುತ್ತಿರಲಿಲ್ಲ. ಗಂಟು ಬಸ್ಸಿನ ಮೇಲೆ ಏರಿದ ನಂತರ, ಏಣಿಯ ಮೇಲೆ ನಿಂತುಕೊಂಡೇ ಅದರ ಮೇಲೆ ವಿಳಾಸ ಬರೆಯುತ್ತಿದ್ದರು. ಇಂಥವರಿಗೆ ಸರ್ವರ್ ಮಾತು ಹಿಡಿಸಲಿಲ್ಲ. ಪತ್ರಗಳು ಈಗಲೂ ಬೇರೆಯವರ ಮನೆ ಹಾದೇ ಬರುತ್ತವೆ ಎಂದು ಉಮಾಪತಿ ಹೇಳಲಿಲ್ಲ. ಹೇಳಿದ್ದರೆ ಮಷೀನುಗಳೂ ಉಳಿಯುತ್ತಿರಲಿಲ್ಲ.

ಪುಣೆಯ ಮಾತು ಇಲ್ಲೇ ಹೇಳಿಬಿಡಬೇಕು. ಪುಣೆಯಲ್ಲಿ ಮೋಘೆ ಎಂಬವರ ದೊಡ್ಡ ಅಂಗಡಿ. ಗೌರಿ ಹಬ್ಬಕ್ಕೆ ಬೇಕಾದ ಖಣವನ್ನು ಅವರು ಪ್ರತಿ ವರ್ಷ ಶ್ರಾವಣಕ್ಕೆ ಮುಂಚೆ ದಾನವ್ವನಿಂದ ತರಿಸುತ್ತಿದ್ದರು. ಅವಳ ಅರ್ಧ ಮಗ್ಗ ಆ ಒಂದು ಆರ್ಡರಿನ ಮೇಲೆ ನಡೆಯುತ್ತಿದ್ದವು. ಆ ವರ್ಷ ಮುದುಕ ಮೋಘೆ ತೀರಿಕೊಂಡು ಗಲ್ಲಾದ ಮೇಲೆ ಮಗ ಕೂತಿದ್ದ. ಮಗನಿಗೆ ಎಲ್ಲ ಇ-ಮೇಲ್‌ನಲ್ಲೇ ಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಮೊದಲೇ ತಿಳಿಸಿದ್ದ. ಆ ಆರ್ಡರ್ ತಪ್ಪಿದರೆ ಅರ್ಧ ಮಗ್ಗ ನಿಲ್ಲುತ್ತವೆ, ನಿಂತ ಮಗ್ಗದ ನೇಕಾರರು ರಾಚಪ್ಪನ ಕಡೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಇದು ದಾನವ್ವನಿಗೆ ಗೊತ್ತಿತ್ತು, ನೇಕಾರರಿಗೆ ಗೊತ್ತಿತ್ತು, ರಾಚಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ದಾನವ್ವ ಮನೆಯ ಮಷೀನಿನ ಮುಂದೆ ನಿಂತಳು.

"ಏ ಮುರಿಗೆಪ್ಪಾ! ಸೊಲ್ಲಾಪುರದ ಕಾಗದ ಇನ್ನೂ ದಪ್ಪ ಐತಲ್ಲೋ. ಓದಿಲ್ಲೇನು?"

"ಓದೀನಿ ಯವ್ವಾ."

"ಮತ್ಯಾಕ ದಪ್ಪ ಐತಿ?"

"ಅಂಗಡ್ಯಾಗ ಓದೀನಿ. ಇಲ್ಲಿ ಓದಿಲ್ಲ."

"ಓದಿದ್ದು ಓದಿಲ್ಲದ್ದು ನನಗ ಹೆಂಗ ತಿಳೀಬೇಕಲೇ? ಅಂಗಡ್ಯಾಗ ಏನು ಮಾಡ್ತೀಯೋ ಅದನ್ನ ಮನ್ಯಾಗೂ ಮಾಡಬೇಕು, ಶೆಡ್ಡಿನ್ಯಾಗೂ ಮಾಡಬೇಕು!"

"ಆತು ಯವ್ವಾ. ಇನ್ನ ಹಂಗ ಮಾಡ್ತೀನಿ."

ಹಾಗೇ ಮಾಡಿದ. ಮುಂದಿನ ಪತ್ರದಲ್ಲಿ ಸೊಲ್ಲಾಪುರದವನು ಹಸಿರು ಖಣ ಒಂದು ಗಂಟು ಕೇಳಿದ್ದ. ಮುರಿಗೆಪ್ಪ ಅಂಗಡಿಯಲ್ಲಿ ಪತ್ರ ಓದಿದ, 'ಕಳಿಸಿದ್ದೇವೆ' ಎಂದು ಉತ್ತರ ಬರೆದ, ಒಂದು ಗಂಟು ಬಸ್ಸಿಗೆ ಹಾಕಿದ. ಮನೆಗೆ ಬಂದ. ಓದಿದ, ಬರೆದ, ಒಂದು ಗಂಟು ಬಸ್ಸಿಗೆ ಹಾಕಿದ. ಶೆಡ್ಡಿಗೆ ಹೋದ. ಓದಿದ, ಬರೆದ, ಹಾಕಿದ.

ಸೊಲ್ಲಾಪುರದಿಂದ ಫೋನು ಬಂತು.

"ದಾನವ್ವಾರೇ, ಮೂರು ಸಲ ಹೇಳಿದ್ರ ಒಮ್ಮೆ ಕೆಲಸ ಮಾಡೋ ಆಳು ನಮ್ಮಲ್ಲೂ ಅದಾವ್ರಿ. ಒಮ್ಮೆ ಹೇಳಿದ್ರ ಮೂರು ಸಲ ಮಾಡೂದು ನಿಮ್ಮಲ್ಲೇ ನೋಡಿದೆ!"

ದಾನವ್ವ ಫೋನಿಟ್ಟಳು.

"ಅಯ್ಯ ನನ್ನ ಶಿವನ! ಒಮ್ಮೆ ಉತ್ತರ ಕೊಟ್ಟ ಕಾಗದಕ್ಕ ಮತ್ತ ಮತ್ತ ಕೊಡ್ತಾರೇನಲೇ?"

"ಮೂರೂ ಕಡೆ ಮಾಡು ಅಂದಿದ್ದಿ."

"ಹಂಗಲ್ಲಲೇ! ಉತ್ತರ ಕೊಟ್ಟದ್ದಕ್ಕ ಗುರುತು ಮಾಡಬೇಕು. ಲೆಕ್ಕ ಹರದ ಗಂಟಿಗೆ ಅರಿಶಿಣದ ಬೊಟ್ಟು ಇಡೂದಿಲ್ಲೇನು ನಾವು? ಬೊಟ್ಟು ಕಂಡ್ರ ಅದು ಮುಗದೈತಿ, ಮುಟ್ಟಬಾರದು. ಹಂಗ!"

"ಆತು ಯವ್ವಾ. ಇನ್ನ ಹಂಗ ಮಾಡ್ತೀನಿ."

ಅದೂ ಆಯಿತು. ಅಡಿಗೆಮನೆಯಿಂದ ಅರಿಶಿಣ ಕಲಸಿಕೊಂಡು ಹೋದ. ಅಂಗಡಿಯಲ್ಲಿ ಉತ್ತರ ಬರೆದ ಪತ್ರ ಪರದೆಯ ಮೇಲೆ ಎಲ್ಲಿ ಕಾಣುತ್ತಿತ್ತೋ ಅಲ್ಲಿ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟ. ಮನೆಗೆ ಬಂದು ಅದೇ ಜಾಗಕ್ಕೆ ಒಂದು ಬೊಟ್ಟು, ಶೆಡ್ಡಿನಲ್ಲಿ ಅದೇ ಜಾಗಕ್ಕೆ ಒಂದು. ನೀಟಾದ ಕೆಲಸ. ಮೂರೂ ಪರದೆ ಒಂದೇ ಥರ ಕಾಣುತ್ತಿದ್ದವು.

ಆದರೆ ಹೊಸ ಪತ್ರ ಮೇಲಿನಿಂದ ಬರುತ್ತದೆ. ಬಂದಾಗ ಹಳೆಯವು ಕೆಳಕ್ಕೆ ಸರಿಯುತ್ತವೆ. ಬೊಟ್ಟು ಸರಿಯುವುದಿಲ್ಲ. ಮರುದಿನ ಬೊಟ್ಟಿನ ಅಡಿಗೆ ಬಂದು ಕೂತದ್ದು ಬೆಳಗಾವಿಯ ಸುಲೋಚನಾಬಾಯಿಯ ಪತ್ರ. ಬಸುರಿ ಮಗಳ ಕುಬಸಕ್ಕೆ ಖಣ ಬೇಕಾಗಿತ್ತು. ದಿನ ಕಳೆದಂತೆ ಅದು ಒಂದು ಬೊಟ್ಟಿನಿಂದ ಇನ್ನೊಂದು ಬೊಟ್ಟಿನ ಅಡಿಗೆ ಸರಿಯಿತು. ಮುರಿಗೆಪ್ಪ ದಿನಾ ಬೊಟ್ಟು ನೋಡುತ್ತಿದ್ದ, 'ಮುಗದೈತಿ' ಅನ್ನುತ್ತಿದ್ದ, ಮುಂದಕ್ಕೆ ಹೋಗುತ್ತಿದ್ದ.

ಸುಲೋಚನಾಬಾಯಿ ಸಾವಕಾಶವಾಗಿ ಫೋನು ಮಾಡಿದಳು.

"ಕುಬಸ ಆತ್ರಿ. ಬಾಣಂತನ ಆತು. ಕೂಸಿಗೆ ಹೆಸರೂ ಇಟ್ಟಿವಿ. ಖಣ ಅಷ್ಟ ನಿಮ್ಮೂರಾಗ ಕುಂತೈತಿ. ಇನ್ನ ಅದರ ಕುಬಸಕ್ಕ ಕಳಸ್ರಿ!"

ದಾನವ್ವ ಅಂಗಡಿಗೆ ಓಡಿದಳು. ಪರದೆಗೆ ಸಿಡುಬು ಎದ್ದಂತೆ ಕಾಣಿಸಿತು.

"ಇದೇನಲೇ ಇದು?"

"ಗುರುತು."

"ಗಾಜಿನ ಮ್ಯಾಲ?"

"ಒಳಗ ಕೈ ಹೋಗೂದಿಲ್ಲ ಯವ್ವಾ."

ಅವಳು ಸೆರಗಿನಿಂದ ಒರೆಸಿದಳು. ಸೆರಗೂ ಹಾಳಾಯಿತು. ಶೆಡ್ಡಿಗೆ ಹೋದರೆ ಅಲ್ಲಿಯೂ ಅದೇ. ಮಗ್ಗ ನಿಲ್ಲಿಸಿ ನಗುತ್ತಿದ್ದ ನೇಕಾರ ಕಲ್ಲಪ್ಪ ಅಂದ: "ಅಕ್ಕಾರ, ಬೊಟ್ಟು ಇಟ್ಟಾನ, ಕುಂಕುಮ ಇಟ್ಟಿಲ್ಲ. ಪೂಜಿ ಇನ್ನೂ ಬಾಕಿ ಐತಿ."

"ನೀ ಲಾಳಿ ಹೊಡಿ!" ಅಂದಳು ದಾನವ್ವ. ಕಲ್ಲಪ್ಪ ಹೊಡೆದ. ಆದರೆ ಹೊಡೆಯುತ್ತ ಹೊಡೆಯುತ್ತ, "ಪುಣೆ ಕಾಗದಕ್ಕ ಹಿಂಗಾದ್ರ ನಾವು ಎಲ್ಲಿ ಹೋಗೂದ್ರಿ?" ಅಂತಲೂ ಕೇಳಿದ.

ಉಮಾಪತಿಯನ್ನು ಕರೆಸಿದರು. ಅವನು ಕೂತು ವಿವರಿಸಿದ. ಗುರುತು ಗಾಜಿಗಲ್ಲ, ಪತ್ರಕ್ಕೆ ಹಾಕಬೇಕು. ಪತ್ರದ ಮುಂದೆ ಒತ್ತಿದರೆ ಪುಟ್ಟ ಕೆಂಪು ಬಾವುಟ ಏಳುತ್ತದೆ. ಪತ್ರ ಎಲ್ಲಿಗೆ ಸರಿದರೂ ಬಾವುಟ ಜೊತೆಗೇ ಹೋಗುತ್ತದೆ. ಉತ್ತರ ಕೊಟ್ಟ ಪತ್ರಕ್ಕೆ ಬಾವುಟ, ಕೊಡದ್ದಕ್ಕೆ ಇಲ್ಲ. ಪತ್ರ, ಬಾವುಟ ಎಲ್ಲ ಸೇರಿ ಒಂದು ಫೈಲಿನಲ್ಲಿ ಇರುತ್ತದೆ. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಿ ಇನ್ನೊಂದು ಮಷೀನಿನ ಫೈಲಿನ ಮೇಲೆ ಹಾಕಿದರೆ ಎರಡೂ ಒಂದೇ ಆಗುತ್ತವೆ.

"ಸಂಜಿಗೆ ಅಂಗಡಿದು ಮನಿಗೆ ತಂದು ಹಾಕು. ಮುಂಜಾನೆ ಮನೀದು ಅಂಗಡಿಗೆ, ಶೆಡ್ಡಿಗೆ ಒಯ್ದು ಹಾಕು. ಇಷ್ಟ. ಸರ್ವರ್ ಕೆಲಸ ಎಲ್ಲಾ ನಿನ್ನ ಕಾಲು ಮಾಡತಾವು."

"ಆತು ಮಾವಾ. ಹಂಗ ಮಾಡ್ತೀನಿ."

ಹೇಳಿದಂತೆ ಮಾಡಿದ. ಸಂಜೆ ಅಂಗಡಿಯಿಂದ ಮನೆಗೆ, ಮುಂಜಾನೆ ಮನೆಯಿಂದ ಅಂಗಡಿಗೆ, ಶೆಡ್ಡಿಗೆ. ಪೆನ್‌ಡ್ರೈವನ್ನು ಕೊರಳಿಗೆ ಕಟ್ಟಿಕೊಂಡಿದ್ದ, ಲಿಂಗದ ಪಕ್ಕದಲ್ಲೇ. ಹಾಗೆ ಕೆಲ ದಿನ ಎಲ್ಲ ಸರಿಯಾಗಿ ನಡೆಯಿತು, ಮೂರೂ ಕಡೆ ಒಂದೇ ಬಾವುಟ. ಆಮೇಲೆ ಒಂದು ಸಂಜೆ ಓಣಿಯಲ್ಲಿ ಕರೆಂಟು ಹೋಯಿತು. ಅಂಗಡಿಯಿಂದ ತಂದ ಫೈಲನ್ನು ಮನೆಯ ಮಷೀನಿಗೆ ಹಾಕಲು ಆಗಲಿಲ್ಲ. ಬೆಳಗಾಯಿತು, ಕರೆಂಟು ಬಂತು. ಬೆಳಗಿನ ಕೆಲಸ ಏನು? ಮನೆಯದನ್ನು ಅಂಗಡಿಗೆ ಒಯ್ಯುವುದು. ಒಯ್ದ. ಮನೆಯ ಹಳೆಯ ಫೈಲು ಅಂಗಡಿಯ ಹೊಸ ಫೈಲಿನ ಮೇಲೆ ಕೂತಿತು. ಅಂಗಡಿಯಲ್ಲಿ ಹಿಂದಿನ ದಿನ ಮಾಡಿದ ಕೆಲಸವೆಲ್ಲ ಹೋಯಿತು. ಉತ್ತರ ಕೊಟ್ಟ ಪತ್ರಗಳ ಬಾವುಟ ಬಿದ್ದುಹೋದವು. ಬಾವುಟ ಇಲ್ಲದ್ದಕ್ಕೆ ಉತ್ತರ ಕೊಡಬೇಕಲ್ಲ? ಎಲ್ಲರಿಗೂ ಮತ್ತೆ ಬರೆದ. ಎಲ್ಲರೂ ಫೋನು ಮಾಡಿದರು.

"ಏ ಭೂಪಾ! ಸಂಜಿಗೆ ಮನಿಗೆ ಹಾಕಲಿಲ್ಲ ಅಂದ ಮ್ಯಾಲ ಮುಂಜಾನೆ ಮನೀದ್ಯಾಕ ಒಯ್ದಿ?"

"ಮುಂಜಾನೆ ಆಗಿತ್ತಲ್ಲ ಯವ್ವಾ."

"ಹಳೇದನ್ನ ಹೊಸದರ ಮ್ಯಾಲ ಹಾಕ್ತಾರೇನಲೇ! ತಂಗಳದಾಗ ಬಿಸಿ ಅನ್ನ ಕಲಸಿದಂಗ!"

ಉಮಾಪತಿ ಫೋನಿನಲ್ಲಿ ಹೇಳಿದ: "ಮುಂಜಾನೆ ಸಂಜಿ ಬಿಡು. ಪ್ರತಿ ಫೈಲಿಗೂ ಟೈಮ್ ಬರದಿರತೈತಿ. ಯಾವುದು ತಡಾ ಐತೋ ಅದ ಹೊಸದು. ಹೊಸದನ್ನ ಹಳೇದರ ಮ್ಯಾಲ ಹಾಕು. ಆದ್ರ ಮೂರೂ ಮಷೀನಿನ ಗಡಿಯಾರ ಒಂದ ಇರಬೇಕು, ಮೊದಲ ಅದನ್ನ ಸರಿ ಮಾಡಿಕೋ. ಮನಿ ಗಡಿಯಾರದಾಗ ಎಷ್ಟಿರತೈತೋ ಅಷ್ಟ ಮೂರರಾಗೂ ಇಡು."

"ಆತು ಮಾವಾ. ಹಂಗ ಮಾಡ್ತೀನಿ."

ಮುರಿಗೆಪ್ಪ ಮನೆಯ ಗೋಡೆ ಗಡಿಯಾರ ನೋಡಿದ. ಒಂಬತ್ತೂ ಹತ್ತು. ಮನೆಯ ಮಷೀನಿಗೆ ಒಂಬತ್ತೂ ಹತ್ತು ಇಟ್ಟ. ಮರೆತುಹೋದೀತೆಂದು ಬಾಯಲ್ಲಿ ಹೇಳಿಕೊಳ್ಳುತ್ತ ಹೊರಟ.

"ಒಂಬತ್ತೂ ಹತ್ತು, ಒಂಬತ್ತೂ ಹತ್ತು, ಒಂಬತ್ತೂ ಹತ್ತು..."

ಓಣಿ ದಾಟಿದ. "ಒಂಬತ್ತೂ ಹತ್ತು." ಹಿಟ್ಟಿನ ಗಿರಣಿ ದಾಟಿದ. "ಒಂಬತ್ತೂ ಹತ್ತು." ಅಂಗಡಿ ಬಂತು. ಅಲ್ಲಿನ ಮಷೀನಿಗೆ ಒಂಬತ್ತೂ ಹತ್ತು ಇಟ್ಟ. ಗಿರಾಕಿಯೊಬ್ಬಳು ಖಣ ನೋಡಬೇಕೆಂದಳು. ಗಂಟು ಬಿಚ್ಚಿ ತೋರಿಸಿದ, ಮಡಿಚಿ ಇಟ್ಟ, ಬಾಯಿ ಮಾತ್ರ ನಿಲ್ಲಿಸಲಿಲ್ಲ.

"ಈ ಕೆಂಪು ಹೆಂಗ?"

"ಒಂಬತ್ತೂ ಹತ್ತು."

"ಅಯ್ಯ, ತುಟ್ಟಿ ಆತು!" ಎಂದು ಅವಳು ಹೊರಟುಹೋದಳು.

ಶೆಡ್ಡಿನ ದಾರಿ ಹಿಡಿದ. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿ ಮುಂದೆ ಗದ್ದಿಗೆಪ್ಪ ಮಾಸ್ತರು ಕೂತಿದ್ದರು. ನಿವೃತ್ತರು, ಹತ್ತು ಗಂಟೆಯ ಬಸ್ಸು ಹಿಡಿಯಲು ಬಂದವರು.

"ಮುರಿಗೆಪ್ಪಾ, ಟೈಮ್ ಎಷ್ಟಾತೋ?"

"ಒಂಬತ್ತೂ ಹತ್ತು."

"ಹಂಗಾರ ಇನ್ನೊಂದು ಚಹಾ ಕೊಡಪಾ" ಅಂದರು ಮಾಸ್ತರು ಅಂಗಡಿಯವನಿಗೆ. ಚಹಾ ಬಂತು. ಮಾಸ್ತರ ಬೆನ್ನ ಹಿಂದೆ ಬಸ್ಸು ಹೋಯಿತು.

ಮುರಿಗೆಪ್ಪ ಶೆಡ್ಡು ತಲುಪಿ ಅಲ್ಲಿಯ ಮಷೀನಿಗೂ ಒಂಬತ್ತೂ ಹತ್ತು ಇಟ್ಟ. ಈಗ ಮೂರೂ ಗಡಿಯಾರದಲ್ಲಿ ಒಂಬತ್ತೂ ಹತ್ತು ಆಗಿತ್ತು. ಬೇರೆ ಬೇರೆ ಹೊತ್ತಿಗೆ. ಶೆಡ್ಡು ಮನೆಗಿಂತ ಸುಮಾರು ಒಂದು ತಾಸು ಹಿಂದೆ ಉಳಿಯಿತು.

ಇದರ ಫಲ ಹುಬ್ಬಳ್ಳಿಯ ವ್ಯಾಪಾರಿಗೆ ಸಿಕ್ಕಿತು. ಅವನು ನೇರಳೆ ಖಣ ಐತೇನು ಎಂದು ಕೇಳಿದ್ದ. ಇರಲಿಲ್ಲ. ಮುರಿಗೆಪ್ಪ ಶೆಡ್ಡಿನಿಂದ 'ಇಲ್ಲ' ಎಂದು ಬರೆದು ಬಾವುಟ ಏರಿಸಿದ. ಮನೆಗೆ ಬಂದು ಟೈಮ್ ನೋಡಿದರೆ ಮನೆಯ ಫೈಲೇ ಹೊಸದು ಎಂದು ತೋರಿಸಿತು. ಮಾವ ಹೇಳಿದಂತೆ ಹೊಸದನ್ನು ಹಳೆಯದರ ಮೇಲೆ ಹಾಕಿದ. ಹುಬ್ಬಳ್ಳಿಯ ಬಾವುಟ ಹೋಯಿತು. ಅಷ್ಟರಲ್ಲಿ ಮಗ್ಗದಿಂದ ನೇರಳೆ ಇಳಿದಿತ್ತು. ಶೆಡ್ಡಿನಲ್ಲಿ ಬಾವುಟ ಇಲ್ಲದ್ದು ಕಂಡು, 'ಐತಿ' ಎಂದು ಬರೆದ. ಆ ಬಾವುಟವೂ ಹಾಗೇ ಹೋಯಿತು. ಆಮೇಲೆ ಅಂಗಡಿಯಲ್ಲಿ ಬಾವುಟ ಕಾಣದೆ, ನೇರಳೆ ಮಾರಿ ಹೋಗಿದ್ದರಿಂದ, 'ಇಲ್ಲ' ಎಂದು ಬರೆದ.

ಹುಬ್ಬಳ್ಳಿಯವನು ಫೋನು ಮಾಡಿದ. "ಇಲ್ಲ ಅಂತೀರಿ, ಐತಿ ಅಂತೀರಿ, ಮತ್ತ ಇಲ್ಲ ಅಂತೀರಿ. ನಿಮ್ಮ ಮನ್ಯಾಗ ಒಬ್ಬರಿಗೊಬ್ಬರು ಮಾತು ಬಿಟ್ಟೀರೇನ್ರೀ?"

ಮಾಸ್ತರೂ ಬಂದು ಕಟ್ಟೆಯ ಮೇಲೆ ಕೂತು ಒಂದಷ್ಟು ಹೇಳಿ ಹೋದರು.

"ನೀ ಹೊಟ್ಟ್ಯಾಗಿದ್ದಾಗ ನಾ ಏನು ತಿಂದಿದ್ದೆನೋ!" ಎಂದು ದಾನವ್ವ ಕೂಗಿದಳು. "ಫೈಲೂ ಬ್ಯಾಡ, ತಾಸೂ ಬ್ಯಾಡ. ಮೂರೂ ಮಷೀನು ಒಂದ ಕಡೆ ತಂದು, ಎದರಾಬದರ ಇಟ್ಟು ತಾಳಿ ನೋಡು! ಒಂದರಾಗ ಇದ್ದದ್ದು ಇನ್ನೊಂದರಾಗ ಐತೋ ಇಲ್ಲೋ ಆಗರೆ ತಿಳೀತೈತಿ!"

"ಆತು ಯವ್ವಾ. ಇನ್ನ ಹಂಗ ಮಾಡ್ತೀನಿ."

ಕಲ್ಲಪ್ಪನ ಕೈಗಾಡಿಯಲ್ಲಿ ಮೂರನ್ನೂ ಮನೆಗೆ ತಂದ. ನಡುಮನೆಯಲ್ಲಿ ಎದುರುಬದುರು ಇಟ್ಟ. ಮೂರು ಪರದೆಯ ಮುಖ ಒಳಗೆ, ಬೆನ್ನು ಹೊರಗೆ. ನಡುವೆ ಒಂದು ಗೇಣು ಜಾಗ. ಎಲ್ಲ ಚಾಲೂ ಮಾಡಿ, ದೂರ ಚಾಪೆ ಹಾಸಿಕೊಂಡು ಕೂತ. ದಾನವ್ವ ಬಂದಾಗ ಮೂರು ಪೆಟ್ಟಿಗೆಯ ಬೆನ್ನು ಮಾತ್ರ ಕಾಣಿಸಿತು.

"ತಾಳಿ ನೋಡ್ದ್ಯಾ?"

"ನೋಡಾಕತ್ಯಾವ ಯವ್ವಾ."

"ಯಾರು?"

"ಅವು."

ದಾನವ್ವ ಗೋಡೆಗೆ ಒರಗಿದಳು. ಕೈಗಾಡಿಯ ಜೊತೆ ಬಂದಿದ್ದ ಕಲ್ಲಪ್ಪ ಬಾಗಿಲಲ್ಲಿ ನಿಂತು, "ಬಿಡ್ರಿ ಅಕ್ಕಾರ, ಅವರವರ ನಡುವ ನಾವ್ಯಾಕ?" ಅಂದ. ಅಂದವನು ನಗಲಿಲ್ಲ. ಹೊರಗೆ ಹೋಗಿ ಬೀಡಿ ಹಚ್ಚಿದ. ಹಿಂದಿನ ದಿನ ರಾಚಪ್ಪ ಅವನನ್ನು ಕರೆದು ಒಂದು ಮಗ್ಗ ಖಾಲಿ ಐತಿ ಎಂದು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು.

ಉಮಾಪತಿ ಬಂದ. ಎರಡು ಚಹಾ ಕುಡಿದು, ಬಹಳ ಯೋಚಿಸಿ, ತಾನು ಓದಿದ್ದೆಲ್ಲ ಬದಿಗಿಟ್ಟು ಒಂದು ದಾರಿ ಹೇಳಿದ. ಫೈಲು ಮುಟ್ಟುವುದು ಬೇಡ. ಮಷೀನು ತಮ್ಮ ತಮ್ಮ ಜಾಗಕ್ಕೆ ಹೋಗಲಿ. ಪತ್ರ ಹೇಗೂ ಮೂರರಲ್ಲೂ ಇಳಿಯುತ್ತದೆ. ಒಂದು ಕಡೆ ಬಾವುಟ ಏರಿದರೆ ಮುರಿಗೆಪ್ಪ ನಡೆದುಕೊಂಡು ಹೋಗಿ ಅದೇ ಪತ್ರಕ್ಕೆ ಉಳಿದ ಎರಡು ಕಡೆ ಬಾವುಟ ಏರಿಸಬೇಕು. ಉತ್ತರ ಬರೆಯಬಾರದು, ಬಾವುಟ ಮಾತ್ರ.

"ಬಾವುಟ ಮಾತ್ರ?" ಎಂದು ಮುರಿಗೆಪ್ಪ ಕೇಳಿದ.

"ಬಾವುಟ ಮಾತ್ರ. ಬ್ಯಾರೆ ಏನೂ ಮಾಡಬ್ಯಾಡ."

"ಆತು ಮಾವಾ."

ಈ ದಾರಿ ನಡೆಯಿತು. ಇಂಥ ಕತೆಯಲ್ಲಿ ಇದು ಆಗಬಾರದು, ಆದರೂ ನಡೆಯಿತು. ಮುರಿಗೆಪ್ಪ ದಿನಾ ಮನೆ, ಅಂಗಡಿ, ಶೆಡ್ಡು ಎಂದು ತಿರುಗುತ್ತಿದ್ದ. ಒಂದು ಕಡೆ ಉತ್ತರ ಬರೆದು ಬಾವುಟ ಏರಿಸುತ್ತಿದ್ದ, ಉಳಿದ ಎರಡು ಕಡೆ ಬಾವುಟ ಮಾತ್ರ ಏರಿಸುತ್ತಿದ್ದ. ಗಿರಾಕಿಗಳ ಫೋನು ನಿಂತಿತು. ದಾನವ್ವ ದಿನಾ ಮೂರೂ ಕಡೆ ಹೋಗಿ ನೋಡುತ್ತಿದ್ದಳು, ಮೂರೂ ಕಡೆ ಒಂದೇ ಬಾವುಟ ಕಂಡು, "ಶಿವಾ, ಕಣ್ಣು ತೆರದ್ಯಲ್ಲಪಾ" ಅನ್ನುತ್ತಿದ್ದಳು. ಅವಳು ಪತ್ರ ನೋಡುವುದನ್ನು ಬಿಟ್ಟು ಬಾವುಟ ನೋಡಲು ಶುರುಮಾಡಿದ್ದು ಆಗಿನಿಂದ. ಯಾರಾದರೂ ಹಾಗೇ ಮಾಡುತ್ತಿದ್ದರು.

ಆಗ ಪುಣೆಯ ಪತ್ರ ಬಂತು. ಮುರಿಗೆಪ್ಪ ಓದಿ ಕನ್ನಡದಲ್ಲಿ ಹೇಳಿದ.

"ಹಬ್ಬಕ್ಕ ಹ್ವಾದ ವರ್ಷದಕಿಂತ ಜಾಸ್ತಿ ಬೇಕಂತ ಯವ್ವಾ. ಹಸಿರು, ಕೆಂಪು, ನೇರಳೆ. ಹ್ವಾದ ವರ್ಷದ ದರಕ್ಕ ಆಗತೈತೋ ಇಲ್ಲೋ ಅಂತ ಶುಕ್ರವಾರದೊಳಗ ಬರೀರಿ ಅಂದಾನ. ಬರದಿದ್ರ ಬ್ಯಾರೆ ಕಡೆ ಕೊಡ್ತಾನಂತ."

"ಬ್ಯಾರೆ ಕಡೆ ಅಂದ್ರ ಎಲ್ಲಿ?"

"ಹೆಸರು ಬರದಿಲ್ಲ."

ಹೆಸರು ಬರೆಯಬೇಕಾದ ಅಗತ್ಯ ಇರಲಿಲ್ಲ. ದಾನವ್ವ ಕಿಟಕಿಯಿಂದ ಆಚೆ ಓಣಿಯ ಕಡೆ ನೋಡಿದಳು. ಅಂದೇ 'ಆಗತೈತಿ' ಎಂದು ಬರೆಸಬಹುದಿತ್ತು. ಆದರೆ ರೇಷ್ಮೆ ನೂಲಿನ ದರ ಏರುವ ಸುದ್ದಿ ಇತ್ತು, ಬಾಗಲಕೋಟೆಯ ನೂಲಿನ ವ್ಯಾಪಾರಿಯನ್ನು ಕೇಳದೆ ದರ ಒಪ್ಪುವ ಹಾಗಿರಲಿಲ್ಲ. ಅಲ್ಲೇ ತಂಗಿಗೆ ಕಣ್ಣಿನ ಆಪರೇಷನ್ನೂ ಇತ್ತು. ಎರಡೂ ಕೆಲಸಕ್ಕೆ ಅವಳೇ ಹೊರಟಳು. ಬಸ್ಸು ಹತ್ತುವ ಮುಂಚೆ ಮಗನ ಎರಡೂ ಭುಜ ಹಿಡಿದಳು.

"ಮುರಿಗೆಪ್ಪಾ, ನಾ ನಿನಗ ಹತ್ತು ಮಾತು ಹೇಳೂದಿಲ್ಲ. ಹತ್ತು ಹೇಳಿ ಸಾಕಾಗೇತಿ. ಒಂದ ಮಾತು ಕೇಳು."

"ಹೇಳು ಯವ್ವಾ."

"ನೂಲಿನವ ಏನಂದ ಅಂತ ನಾ ಅಲ್ಲಿಂದ ಫೋನ್ ಮಾಡ್ತೀನಿ. ನನ್ನ ಫೋನ್ ಬರೂತನಕ ಆ ಪುಣೆ ಕಾಗದದ ತಂಟೆಗೆ ಹೋಗಬ್ಯಾಡ. ಫೋನ್ ಬಂತಂದ್ರ, ಶುಕ್ರವಾರದೊಳಗ ಆ ಕಾಗದಕ್ಕ ಮೂರೂ ಕಡೆ ಬಾವುಟ ಇರಬೇಕು. ತಿಳೀತಾ? ಮೂರೂ ಕಡೆ!"

"ತಿಳೀತು ಯವ್ವಾ. ಮೂರೂ ಕಡೆ."

"ಒಂದು ಕಡೆ ಇಲ್ಲಾಂದ್ರೂ ನಾ ಮನಿಗೆ ಬರೂದಿಲ್ಲ ನೋಡು!"

ಗುರುವಾರ ಫೋನು ಬಂತು.

"ನೂಲಿನವ ಒಪ್ಯಾನೋ. ಹ್ವಾದ ವರ್ಷದ ದರಕ್ಕ ಆಗತೈತಿ. ಕೇಳಸ್ತಾ?"

"ಕೇಳಸ್ತು ಯವ್ವಾ. ಹ್ವಾದ ವರ್ಷದ ದರಕ್ಕ ಆಗತೈತಿ."

"ಹೂಂ. ಮತ್ತ, ಬಾವುಟ?"

"ಈಗ ಹೊಂಟೆ."

ಶುಕ್ರವಾರ ಸಂಜೆ ಮತ್ತೆ ಫೋನು.

"ಏರಿಸ್ದ್ಯಾ?"

"ಏರಿಸೀನಿ ಯವ್ವಾ."

"ಮೂರೂ ಕಡೆ?"

"ಮೂರೂ ಕಡೆ."

"ಆಣಿ?"

"ನಿನ್ನಾಣಿ."

ಶನಿವಾರ ದಾನವ್ವ ಉಮಾಪತಿಯನ್ನು ಜೊತೆಗೆ ಕರೆದುಕೊಂಡೇ ಬಂದಳು. ಬಸ್ಸಿಳಿದವಳು ಮೊದಲು ಶೆಡ್ಡಿಗೆ ಹೋದಳು. ಪುಣೆಯ ಪತ್ರದ ಮುಂದೆ ಕೆಂಪು ಬಾವುಟ. ಪೇಟೆಗೆ ನಡೆದಳು, ಅಂಗಡಿಯಲ್ಲಿ ನೋಡಿದಳು, ಬಾವುಟ. ಮನೆಗೆ ಬಂದು ಚಪ್ಪಲಿ ಬಿಡದೆ ಒಳಗೆ ಹೋದಳು. ಬಾವುಟ.

"ಏನಂತೀಯಪಾ?" ಎಂದು ಉಮಾಪತಿಯನ್ನು ಕೇಳಿದಳು.

ಉಮಾಪತಿ ಕನ್ನಡಕ ಏರಿಸಿ ನೋಡಿದ. "ಮೂರೂ ತಾಳಿ ಆಗೇತ್ರಿ ದೊಡ್ಡತ್ತೀ. ದೊಡ್ಡ ದೊಡ್ಡ ಆಫೀಸಿನ್ಯಾಗೂ ಇಷ್ಟು ನೆಟ್ಟಗ ಇರೂದಿಲ್ಲ. ಇನ್ನೇನು ನೋಡೂದೈತಿ?"

ದಾನವ್ವ ಮಗನ ಗಲ್ಲ ಹಿಡಿದು ಬೆರಳು ಮುರಿದು ದೃಷ್ಟಿ ತೆಗೆದಳು. ಅಷ್ಟು ವರ್ಷದಲ್ಲಿ ಅವನನ್ನು ಬೈಯದ ಮೊದಲ ದಿನ ಅದು. ಸಜ್ಜಕ ಮಾಡಿ, ಮೇಲೆ ತುಪ್ಪ ಸುರಿದು, ಎದುರಿಗೆ ಕೂತು ಬಡಿಸಿದಳು.

"ಉಣ್ಣು ನನ್ನಪ್ಪಾ. ಯಾರು ನಿನ್ನ ಪೆದ್ದ ಅಂದಿದ್ರು ಅವರ ಬಾಯಾಗ ಮಣ್ಣು ಬಿತ್ತು."

"ಹೂಂ ಯವ್ವಾ" ಎಂದು ಮುರಿಗೆಪ್ಪ ಉಂಡ. ಅವನಿಗೂ ಸಂತೋಷವಾಗಿತ್ತು. ಹೇಳಿದ್ದಕ್ಕಿಂತ ಒಂದಿಷ್ಟೂ ಹೆಚ್ಚು ಮಾಡಿರಲಿಲ್ಲ, ಕಡಿಮೆಯೂ ಮಾಡಿರಲಿಲ್ಲ.

ಸಂಜೆ ದಾನವ್ವ ಶೆಡ್ಡಿಗೆ ಹೋಗಿ ಪುಣೆಯ ಬಣ್ಣಗಳಿಗೆ ಹಾಸು ಹೂಡಲು ಹೇಳಿದಳು. ಕಲ್ಲಪ್ಪ ರಾಚಪ್ಪನ ಆಳಿನ ಕೈಯಲ್ಲಿ 'ನಿಮ್ಮ ಮಗ್ಗಕ್ಕ ಬ್ಯಾರೇರ್ನ ನೋಡಿಕೊಳ್ರಿ' ಎಂದು ಹೇಳಿ ಕಳಿಸಿದ. ಉಮಾಪತಿ ಈ ದಾರಿಯನ್ನು ಪಾಲಿಟೆಕ್ನಿಕ್ಕಿನ ಹುಡುಗರಿಗೂ ಹೇಳಿಕೊಡುವುದಾಗಿ ಹೇಳಿ ಕೊನೆಯ ಬಸ್ಸಿಗೆ ಹೋದ. ಸೋಮವಾರದ ಹೊತ್ತಿಗೆ ಎಲ್ಲ ಮಗ್ಗಗಳಲ್ಲೂ ಹಸಿರು, ಕೆಂಪು, ನೇರಳೆ ಏರಿತ್ತು.

ಮೋಘೆಗೆ ಉತ್ತರ ಯಾರೂ ಬರೆದಿರಲಿಲ್ಲ.